ವರ್ಷಕ್ಕೊಂದು ವಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎದುರಿಗೆ ಕೂತು ನಗುನಗುತ್ತಾ ಏನನ್ನಾದರೂ ಮಾರುವವರಿಗೆ ಬೇಡ ಎನ್ನಲು ನನ್ನಿಂದ ಆಗುವುದಿಲ್ಲ. ಈ ದಾಕ್ಷಿಣ್ಯಕ್ಕೆ ಬಿದ್ದು ಕೊಂಡ ಸಾಮಾನುಗಳೆಲ್ಲ ನಮ್ಮ ಮನೆಯ ಅಟ್ಟದ ಮೇಲಿವೆ. ಬೆನ್ನು ಒತ್ತುವ ಯಂತ್ರವಿದೆ, ಯಾರೂ ಬಿಡಿಸಿ ನೋಡದ ಇಂಗ್ಲಿಷ್ ವಿಶ್ವಕೋಶವಿದೆ, ಕಲ್ಲಂಗಡಿಯನ್ನು ಮಾತ್ರ ಕತ್ತರಿಸುವ ಒಂದು ಚಾಕುವೂ ಇದೆ. ಇಷ್ಟಕ್ಕೂ ನನ್ನ ಉದ್ಯೋಗವೇನು ಗೊತ್ತೆ? ಹುಣಸೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿಗೆ ಗ್ರಾಹಕರ ಹಕ್ಕುಗಳ ಪಾಠ ಮಾಡುವವನು ನಾನೇ. ‘ಕೊಳ್ಳುವ ಮುನ್ನ ಯೋಚಿಸಿ’ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಇದುವರೆಗೆ ಟೈಮ್‌ಶೇರ್ ಕೊಂಡಿಲ್ಲ ಎಂಬುದು ನನ್ನ ಬೋಧನೆಯ ಹೆಮ್ಮೆ. ಕೊಂಡವನು ನಾನೊಬ್ಬನೇ.

ಆದದ್ದಿಷ್ಟು. ನಾನೂ ನನ್ನ ಹೆಂಡತಿ ಸುಮಿತ್ರಳೂ ಸೀರೆ ಕೊಳ್ಳಲೆಂದು ಮೈಸೂರಿಗೆ ಹೋಗಿದ್ದೆವು. ಅಂಗಡಿಯ ಬಾಗಿಲಲ್ಲಿ ಒಂದು ಚೀಟಿ ಕೊಟ್ಟು ಹೆಸರು, ಫೋನ್ ನಂಬರು ಬರೆಸಿಕೊಂಡರು. ವಾರ ಕಳೆಯುವುದರೊಳಗೆ ಫೋನು ಬಂತು. ಅದೃಷ್ಟಶಾಲಿ ದಂಪತಿಗಳಾಗಿ ನಾವು ಆಯ್ಕೆಯಾಗಿದ್ದೆವು. ಜೋಡಿಯಾಗಿ ಹೋಟೆಲಿಗೆ ಬಂದು ಊಟ ಮಾಡಿದರೆ ಒಂದು ಹಾಟ್‌ಬಾಕ್ಸ್ ಬಹುಮಾನ. ಅಲ್ಲಿ ಟೈ ಕಟ್ಟಿದ ಮಹನೀಯರೊಬ್ಬರು ನನ್ನನ್ನು ಎರಡು ನಿಮಿಷ ದಿಟ್ಟಿಸಿ, “ಸರ್, ನೀವು ಆಳವಾಗಿ ಯೋಚನೆ ಮಾಡೋರು ಅನ್ನೋದು ಮುಖದಲ್ಲೇ ಗೊತ್ತಾಗುತ್ತೆ” ಅಂದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ಮುಖದ ಬಗ್ಗೆ ಯಾರೂ ಇಂಥ ಮಾತು ಆಡಿರಲಿಲ್ಲ. ಆಳವಾಗಿ ಯೋಚಿಸುತ್ತಿರುವಂತೆ ಮುಖ ಮಾಡಿಕೊಂಡೇ ಸಹಿ ಹಾಕಿದೆ. ಹಾಟ್‌ಬಾಕ್ಸಿನ ಮುಚ್ಚಳ ಸರಿಯಾಗಿ ಕೂರುವುದಿಲ್ಲವೆಂದು ಮನೆಗೆ ಬಂದ ಮೇಲೆ ತಿಳಿಯಿತು.

ಟೈಮ್‌ಶೇರ್ ಎಂದರೆ ಇಷ್ಟು: ಕೊಡಗಿನ ಬೆಟ್ಟದ ಮೇಲಿನ ಒಂದು ರೆಸಾರ್ಟಿನಲ್ಲಿ ಪ್ರತಿ ವರ್ಷ ಒಂದು ವಾರ ಒಂದು ಕೋಣೆ ನಮ್ಮದು. ನಾವು ಹೋದರೂ ಸರಿ, ಹೋಗದಿದ್ದರೂ ಸರಿ, ನಿರ್ವಹಣಾ ಶುಲ್ಕ ಮಾತ್ರ ತಪ್ಪದೆ ಕಟ್ಟಬೇಕು. ಮೇಷ್ಟ್ರಿಗೆ ರಜ ಇರುವುದು ದಸರೆಯಲ್ಲಿ ಮತ್ತು ಬೇಸಿಗೆಯಲ್ಲಿ. ಆ ಎರಡೂ ಕಾಲದಲ್ಲಿ ಫೋನು ಮಾಡಿದರೆ ಕೋಣೆಗಳೆಲ್ಲ ಭರ್ತಿ. ಧಾರಾಳವಾಗಿ ಸಿಗುತ್ತಿದ್ದುದು ಆಷಾಢದಲ್ಲಿ. ಆಗ ನಾನು ಕಿರುಪರೀಕ್ಷೆಯ ಅಂಕ ಕೂಡುತ್ತಿರುತ್ತೇನೆ. ಹೀಗೆ ನಾಲ್ಕು ವರ್ಷ ಶುಲ್ಕ ಕಟ್ಟಿ, ಒಂದು ಸಲವೂ ಬೆಟ್ಟ ಹತ್ತದೆ, ಕಂಪನಿಯವರು ಕಳಿಸಿದ ಕ್ಯಾಲೆಂಡರಿನಲ್ಲಿ ಮಂಜು ನೋಡಿದೆವು.

ಇದನ್ನು ಅವ್ವನಿಗೆ ವಿವರಿಸಿದ್ದು ನನ್ನ ಎರಡನೇ ತಪ್ಪು. ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ಆದರೆ ಜೀವವೆಲ್ಲ ಹನಗೋಡಿನ ಹೊಲದಲ್ಲಿ. ಅವಳ ಬಾಯಲ್ಲಿ ಟೈಮ್‌ಶೇರ್ ಎಂಬುದು ಟೈಂಸೇರು ಆಯಿತು.

“ಏನ್ಲಾ ಅದು, ಸೇರು?”

“ಕೊಡಗಲ್ಲಿ ಒಂದು ಜಾಗ ಕಣವ್ವ. ವರ್ಷಕ್ಕೊಂದು ವಾರ ನಮ್ದು.”

“ವಾರಕ್ಕೆ ಕೊಟ್ಟಿದ್ದೀಯಾ? ಆಗ್ಲಿ ಬುಡು. ಮಾಡೋನು ಒಳ್ಳೇ ಮನ್ಸನಾ?”

ನಮ್ಮ ಕಡೆ ವಾರವೆಂದರೆ ಏಳು ದಿನ ಮಾತ್ರವಲ್ಲ. ಹೊಲವನ್ನೋ ಹಸು ಮೇಕೆಯನ್ನೋ ಇನ್ನೊಬ್ಬರ ಕೈಗೆ ಕೊಟ್ಟು, ಬಂದ ಫಲದಲ್ಲಿ ಅರ್ಧ ಪಡೆಯುವ ಏರ್ಪಾಟಿಗೂ ವಾರ ಎನ್ನುತ್ತೇವೆ. ಹನಗೋಡಿನ ನಮ್ಮ ಹೊಲವೂ ವಾರಕ್ಕೇ ಇರುವುದು. ಮಗ ಗುಟ್ಟಾಗಿ ಕೊಡಗಿನಲ್ಲಿ ಕಾಫಿ ತೋಟ ಮಾಡಿ ವಾರಕ್ಕೆ ಹಾಕಿದ್ದಾನೆಂದು ಅವ್ವನ ಎದೆ ಉಬ್ಬಿತು. ಆ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಕೊಯ್ಲಿನ ಕಾಲ ಬಂದಾಗಲೆಲ್ಲ “ಕಾಪಿಬೀಜ ಬರ್ನಿಲ್ವಲ್ಲ” ಎಂದು ಬಾಗಿಲ ಕಡೆ ನೋಡುತ್ತಿದ್ದಳು. ಕೊನೆಗೊಂದು ದಿನ, ಪಾಲು ಬರುವುದಿಲ್ಲ, ನಾವೇ ವರ್ಷ ವರ್ಷ ಅವರಿಗೆ ಕಟ್ಟಬೇಕು ಎಂದು ಬಾಯಿಬಿಟ್ಟೆ. ಅವ್ವ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, “ಅಂಥೋನ್ನ ಇವತ್ತೇ ಬುಡುಸ್ಲಾ” ಅಂದಳು.

ಸುಮಿತ್ರ ಇನ್ನೂ ಮುಂದೆ ಹೋದಳು. “ನೋಡ್ರೀ, ಮುಂದಿನ ಶುಲ್ಕದ ಕಾಗದ ಬರೋದ್ರೊಳಗೆ ಇದು ತೊಲಗಬೇಕು. ಅದನ್ನ ಮಾರೋಕೆ ಹೋಗಿ ಇನ್ನೊಂದು ಸಲ ಏಮಾರಿದ್ರೋ, ಆಮೇಲೆ ಮನೆ ವ್ಯವಹಾರ ಪೂರ್ತಿ ನಂದು. ಸಂತೆಗೆ ಸೊಪ್ಪು ತರೋಕೂ ನಿಮ್ಮನ್ನ ಒಬ್ಬರನ್ನೇ ಬಿಡಲ್ಲ.” ಈ ಮಾತು ನನಗೆ ನಾಟಿತು. ಸಂತೆಗೆ ಒಬ್ಬನೇ ಹೋಗುವುದು, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ಸೋಲುವುದು, ಬರುವಾಗ ಯಾರಿಗೂ ಹೇಳದೆ ಎರಡು ಮಸಾಲೆ ವಡೆ ತಿನ್ನುವುದು, ಇದಿಷ್ಟೇ ನನಗಿರುವ ಸ್ವಾತಂತ್ರ್ಯ.

ಹಳೇ ಸಾಮಾನು ಮಾರುವ ಒಂದು ಆ್ಯಪಿನಲ್ಲಿ ಜಾಹೀರಾತು ಹಾಕಿದೆ. ಮರುದಿನ ಬೆಳಿಗ್ಗೆಯೇ ಫೋನು. ಹಿಂದಿಗೆ ಇಂಗ್ಲಿಷ್ ಬೆರೆಸಿ ಮಾತಾಡಿದ ಆ ಸಜ್ಜನರ ಬಳಿ ಗಿರಾಕಿ ಸಿದ್ಧವಾಗಿತ್ತಂತೆ. ಯಾವುದೋ ದೊಡ್ಡ ಕಂಪನಿ, ತನ್ನ ನೌಕರರಿಗಾಗಿ ನನ್ನ ವಾರವೇ ಬೇಕೆಂದು ಹಠ ಹಿಡಿದಿದೆಯಂತೆ. ನಾನು ಕೊಟ್ಟದ್ದರ ಮೂರರಷ್ಟು ಬೆಲೆ. ನಾನು ಮಾಡಬೇಕಾದದ್ದು ಇಷ್ಟೇ, ವರ್ಗಾವಣೆಯ ತೆರಿಗೆಯೆಂದು ಒಂದಿಷ್ಟು ಹಣ ಇವತ್ತೇ ಹಾಕುವುದು. ನಾಳೆ ಅದೂ ಸೇರಿ ವಾಪಸು ಬರುತ್ತದೆ. ನನಗೆ ಕಣ್ಣಲ್ಲಿ ನೀರೇ ಬಂತು. ಜಗತ್ತು ಕೊನೆಗೂ ನನ್ನ ಆಳವಾದ ಯೋಚನೆಯನ್ನು ಗುರುತಿಸಿತ್ತು. ಹಜಾರದಲ್ಲಿ ಕೂತು ಹಣ ಕಳಿಸಲು ಫೋನು ಒತ್ತುತ್ತಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಅವ್ವ ಕೇಳಿದಳು.

“ಯಾರ್ಲಾ ಅದು?”

“ಗಿರಾಕಿ ಸಿಕ್ಕವ್ನೆ ಕಣವ್ವ. ಒಳ್ಳೇ ರೇಟು.”

“ಸಂಚಕಾರ ಎಷ್ಟು ಕೊಟ್ಟ?”

ಸಂಚಕಾರವೆಂದರೆ ವ್ಯಾಪಾರ ಕುದುರಿದಾಗ ಕೊಳ್ಳುವವನು ಕೊಡುವ ಮುಂಗಡ. ನಾನು ಸ್ವಲ್ಪ ತಡವರಿಸಿ, “ಅವನು ಕೊಡೋದಲ್ಲ ಕಣವ್ವ, ನಾನೇ ಮೊದಲು ಸ್ವಲ್ಪ ಕಟ್ಟಬೇಕು” ಅಂದೆ.

ಅವ್ವ ಅವರೆಕಾಯಿ ಬಿಟ್ಟು ನನ್ನನ್ನೇ ನೋಡಿದಳು. “ಪಿರಿಯಾಪಟ್ಣದ ಸಂತೇಲಿ ನಿಮ್ಮಪ್ಪ ಎಷ್ಟು ದನ ಮಾರವ್ರೆ. ಎಮ್ಮೆ ಮಾರೋನೇ ಕೊಳ್ಳೋನ್ಗೆ ಸಂಚಕಾರ ಕೊಟ್ಟಿದ್ದನ್ನ ನಾ ಎಲ್ಲೂ ಕಂಡಿಲ್ಲ ಕಣ್ಲಾ. ಅವನು ಕೊಡೋದ್ರಲ್ಲೇ ಮುರ್ಕಳ್ಳಕೆ ಹೇಳು.”

ಸಜ್ಜನರಿಗೆ ಫೋನು ಮಾಡಿ ಅದನ್ನೇ ಹೇಳಿದೆ. “ತೆರಿಗೆಯನ್ನು ನನಗೆ ಬರುವ ಹಣದಲ್ಲೇ ಹಿಡಿದುಕೊಂಡು ಮಿಕ್ಕಿದ್ದು ಕೊಡಿ ಸಾರ್.” ಅವರು ಹಿಂದಿಯಲ್ಲಿ ಏನೋ ಅಂದು ಫೋನಿಟ್ಟರು. ನನಗೆ ಅರ್ಥವಾಗದ ಹಿಂದಿಯೆಲ್ಲ ಆ ಒಂದು ವಾಕ್ಯದಲ್ಲಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಇನ್ನೊಬ್ಬರು ಫೋನು ಮಾಡಿ, ತಾವು ವಕೀಲರೆಂದೂ, ಟೈಮ್‌ಶೇರ್ ಮಾರಲು ಹೋಗಿ ನಾನು ಕಳೆದುಕೊಂಡ ಹಣವನ್ನು ವಾಪಸು ಕೊಡಿಸುವುದಾಗಿಯೂ, ಅದಕ್ಕೆ ಸಣ್ಣ ಫೀಸು ಕಟ್ಟಬೇಕೆಂದೂ ಹೇಳಿದರು. ಏನೂ ಕಳೆದುಕೊಂಡಿಲ್ಲ ಎಂದಾಗ ಅವರು ಎಷ್ಟು ಬೇಜಾರು ಮಾಡಿಕೊಂಡರೆಂದರೆ, ಕಳೆದುಕೊಳ್ಳದೆ ಉಳಿದದ್ದಕ್ಕೆ ನಾನೇ ಕ್ಷಮೆ ಕೇಳಿದೆ.

ಬುದ್ಧಿ ಬಂದು ನೇರವಾಗಿ ರೆಸಾರ್ಟಿನ ಕಚೇರಿಗೇ ಕಾಗದ ಬರೆದೆ. ಕೊಳ್ಳುವವರನ್ನು ಕರೆದುಕೊಂಡು ನಮ್ಮಲ್ಲಿಗೇ ಬನ್ನಿ, ನಮ್ಮೆದುರಿಗೇ ಹೆಸರು ಬದಲಾಯಿಸಿಕೊಡುತ್ತೇವೆ, ಮಧ್ಯದಲ್ಲಿ ಯಾರಿಗೂ ಏನೂ ಕೊಡಬೇಡಿ ಎಂದು ಉತ್ತರ ಬಂತು. ಈಗ ಬೇಕಾದದ್ದು ಆಷಾಢದಲ್ಲಿ ಬಿಡುವಾಗಿರುವ ಒಬ್ಬ ಮನುಷ್ಯ. ಅಂಥವನು ಭೂಮಿಯ ಮೇಲೆ ಎಲ್ಲಿರುತ್ತಾನೆ ಎಂದು ತಿಂಗಳುಗಟ್ಟಲೆ ಯೋಚಿಸಿದೆ. ಅವನು ಕೆ.ಆರ್. ನಗರದಲ್ಲಿದ್ದ.

ಶಾಮಿಯಾನದ ಮಂಜಣ್ಣ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಚಪ್ಪರ ಹಾಕಲು ಬಂದಿದ್ದ. ಮದುವೆ, ಗೃಹಪ್ರವೇಶ, ತಿಥಿ ಎಂದು ವರ್ಷವಿಡೀ ಕುರ್ಚಿ ಎಣಿಸುವ ಮನುಷ್ಯ. ಗಂಟು ಬಿಗಿಯುತ್ತಾ ಹೇಳಿದ, “ನಮ್ಗೆ ಬೇಸ್ಗೆ ರಜ ಅನ್ನೋದೇ ಇಲ್ಲ ಮೇಷ್ಟ್ರೇ. ಆಸಾಡದಲ್ಲಿ ಒಂದು ತಿಂಗ್ಳು ಮದ್ವೆ ಇಲ್ಲ ನೋಡಿ, ಆಗ ಮನೇಲಿ ಸುಮ್ನೆ ಕುಂತಿರ್ತೀನಿ. ಎಂಡ್ರು ಮಕ್ಳು ಎಲ್ಲಿಗಾರ ಕರ್ಕಂಡೋಗು ಅಂತ ಪ್ರಾಣ ತಿಂತಾರೆ.” ನಾನು ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಆದರೂ ಮನಸ್ಸು ಒಪ್ಪದೆ, ವರ್ಷ ವರ್ಷ ಶುಲ್ಕ ಕಟ್ಟಬೇಕು, ರಜೆಯಲ್ಲಿ ಕೋಣೆ ಸಿಗದು, ಹಾಟ್‌ಬಾಕ್ಸಿನ ಮುಚ್ಚಳ ಕೂರದು ಎಂಬುದನ್ನೆಲ್ಲ ಹೇಳಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಏಕೈಕ ಮಾರಾಟದಲ್ಲಿ ಸರಕನ್ನು ಇಷ್ಟು ಬೈದಿದ್ದೇನೆ. ಮಂಜಣ್ಣ ನಗುತ್ತಾ, ನಾನು ಕೊಟ್ಟದ್ದರ ಅರ್ಧಕ್ಕೆ ಒಪ್ಪಿದ. ಕಚೇರಿಗೆ ಹೋಗಿ, ಅವರೆದುರಿಗೇ ಕಾಗದವಾಗಿ, ಹಣ ನನ್ನ ಖಾತೆಗೆ ಬಂದ ಮೇಲೆಯೇ ಸಹಿ ಹಾಕಿದೆ. ಮುಂದಿನ ವರ್ಷದಿಂದ ಅದು ಅವನದು.

ಅರ್ಧ ಬಂತು ಎಂದು ಹೇಳಿದ್ದೇ ಅವ್ವನಿಗೆ ಪರಮಾನಂದ. “ವಾರ ಅಂದ್ಮೇಲೆ ಅರ್ದ ತಾನೇ ಬರಾದು” ಅಂದಳು. ಆಮೇಲೆ ಏನೋ ಹೊಳೆದಂತೆ, “ಈ ವರ್ಸದ್ದು ಯಾರ್ದು?” ಎಂದು ಕೇಳಿದಳು. ಈ ವರ್ಷದ್ದು ಇನ್ನೂ ನಮ್ಮದೇ, ಹಾಗೇ ಬಿಟ್ಟುಬಿಡೋಣ ಎಂದೆ. “ನಿಂತ ಬೆಳೆ ಬುಟ್ಟು ಯಾರಾದ್ರೂ ಒಲ ಕೊಡ್ತಾರೇನ್ಲಾ? ಕುಯ್ಕಂಡು ಕೊಡ್ಬೇಕು.”

ಇದ್ದಬದ್ದ ನಾಲ್ಕು ದಿನದ ಸಾಂದರ್ಭಿಕ ರಜೆಯನ್ನೆಲ್ಲ ಹಾಕಿ ಆಷಾಢದಲ್ಲಿ ಬೆಟ್ಟ ಹತ್ತಿದೆವು. ಎಂಥ ದಿನಗಳವು! ಅವ್ವ ಮೊದಲ ದಿನವೇ ಅಡುಗೆಮನೆಗೆ ನುಗ್ಗಿ ಭಟ್ಟರಿಗೆ ಮುದ್ದೆ ತಿರುವುವುದು ಕಲಿಸಿದಳು. ಕಾಫಿ ಗಿಡ ಮುಟ್ಟಿ ಮುಟ್ಟಿ ನೋಡಿ, ತೋಟ ಮಾಡುವವನು ಪರವಾಗಿಲ್ಲ ಎಂದು ಪ್ರಮಾಣಪತ್ರ ಕೊಟ್ಟಳು. ಸುಮಿತ್ರ ನಾಲ್ಕು ದಿನ ಒಲೆಯ ಮುಖ ನೋಡಲಿಲ್ಲ. ಮಂಜಿನಲ್ಲಿ ಶಾಲು ಹೊದ್ದು ನಕ್ಕಳು, ಮಧ್ಯಾಹ್ನ ಮಲಗಿದಳು, ನನ್ನ ಮೇಲೆ ಒಂದು ಸಲವೂ ರೇಗಲಿಲ್ಲ. ನಾನು ನಾಲ್ಕು ವರ್ಷ ಬೈದುಕೊಂಡ ಜಾಗ ಇಷ್ಟು ಚೆನ್ನಾಗಿದೆಯೆಂದು ನೋಡಿ ನಿಜಕ್ಕೂ ಸಂತೋಷವಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ಹೊರಡುವ ಬೆಳಿಗ್ಗೆ ಕಚೇರಿಯ ಹೆಣ್ಣುಮಗಳೊಬ್ಬಳು ಬಂದು, ಹತ್ತೇ ನಿಮಿಷ ಸರ್ ಎಂದು ಎದುರಿಗೆ ಕೂತಳು. ಬೇಸಿಗೆಯಲ್ಲೂ ಕೋಣೆ ಸಿಗುವ ಹೊಸ ಯೋಜನೆಯೊಂದು ಬಂದಿತ್ತು. ಚಿತ್ರಗಳು ಬಹಳ ಚೆನ್ನಾಗಿದ್ದವು. ನಾನು ನೋಡುತ್ತಾ ನೋಡುತ್ತಾ ಅಂಗಿಯ ಜೇಬಿಗೆ ಕೈ ಹಾಕಿದೆ. ಪೆನ್ನಿರಲಿಲ್ಲ. “ಬರೆಯೋಕೆ ಏನಾದ್ರೂ ಇದೆಯೇನಮ್ಮ?” ಎಂದು ನಾನೇ ಕೇಳಿದೆ. ಅವಳು ತರಲು ಒಳಗೆ ಹೋದಳು. ತಲೆಯೆತ್ತಿದರೆ ಸುಮಿತ್ರ ಎದುರಿಗೆ ನಿಂತಿದ್ದಾಳೆ, ನನ್ನ ಪೆನ್ನು ಅವಳ ತುರುಬಿನಲ್ಲಿದೆ. ಎಷ್ಟು ದಿನದಿಂದ ಅಲ್ಲಿತ್ತೋ ಗೊತ್ತಿಲ್ಲ. ಅವಳು ನನ್ನ ಕೈ ಹಿಡಿದುಕೊಂಡು, ಆ ಉದ್ದನೆಯ ಮೊಗಸಾಲೆ ದಾಟಿ, ಹೂವಿನ ಕುಂಡಗಳ ನಡುವೆ ಕಾರಿನವರೆಗೂ ನಡೆಸಿಕೊಂಡು ಬಂದಳು. ಅಲ್ಲಿದ್ದ ಚಿಕ್ಕ ವಯಸ್ಸಿನ ದಂಪತಿಗಳೆಲ್ಲ ನಮ್ಮನ್ನೇ ನೋಡುತ್ತಿದ್ದರು. ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಎಂದುಕೊಂಡಿರಬೇಕು. ಅರ್ಧ ದಾರಿಯವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ.