ಅವ್ವನ ಖಾನಾವಳಿ ಮತ್ತ ತೆಗೀತಾರಂತ

ಎಲ್ಲಿ ಉಣ್ಣಾಕ ಕುಂತ್ರೂ ನನ್ನ ತಾಟಿನ್ಯಾಗ ಒಂದು ಫಜೀತಿ ಬಡಿಸೇ ಇರತೈತಿ. ಅಂಥಾವು ಒಂದಿಷ್ಟು ಹೇಳ್ತೀನಿ, ಈ ಸಲ ಒಂದು ಮಾತೂ ಸುಳ್ಳಿಲ್ಲ. ಹೋದ ಸಲಾನೂ ಹಿಂಗ ಅಂದಿದ್ದೆ, ಒಪ್ಪಿದೆ. ಆದ್ರ ಆವಾಗ ನಮ್ಮ ಮಾವನ ಮ್ಯಾಲ ಆಣಿ ಮಾಡಿದ್ದೆ, ಅವರು ಆಗಲೇ ತೀರಿಕೊಂಡಿದ್ರು. ಈ ಸಲ ನನ್ನ ಹೊಟ್ಟಿ ಮ್ಯಾಲ ಕೈ ಇಟ್ಟು ಹೇಳ್ತೀನಿ.

ಇವತ್ತ ಮುಂಜಾನೆ ಮನಿ ಮುಂದಿನ ಕಟ್ಟಿ ಮ್ಯಾಲ ಕುಂತಿದ್ದೆ. ನಮ್ಮ ಬೆಟಗೇರಿ ಖಾನಾವಳಿ ಅವ್ವನ ಮೊಮ್ಮಗಳು ಬಂದ್ಲು. ಅವ್ವ ತೀರಿಹೋಗಿ, ಖಾನಾವಳಿಗೆ ಕೀಲಿ ಬಿದ್ದು ಭಾಳ ವರ್ಷ ಆದವು. ಈಗ ಈ ಹುಡುಗಿಗೆ ಅದನ್ನ ಮತ್ತ ತೆಗೀಬೇಕಂತ ಆಸಿ. ಆದ್ರ ಒಬ್ಬ ಅರಿವಿ ವ್ಯಾಪಾರಿ ಆ ಜಾಗಾ ಬಾಡಿಗಿಗೆ ಕೇಳಾಕತ್ತಾನ. ಸಂಜಿಮುಂದ ಅವಂಗ ಹೌದೋ ಅಲ್ಲೋ ಹೇಳಬೇಕು.

"ಅಜ್ಜಾ, ನಮ್ಮ ಆಯಿ ಕೈ ಊಟಾ ಉಂಡೋರು ಓಣ್ಯಾಗ ನೀವೊಬ್ರ ಉಳದೀರಿ," ಅಂದ್ಲು. "ಆಕಿ ರುಚಿ ನನ್ನ ಕೈಗೆ ಬಂದಿದ್ರ ತೆಗೀತೀನಿ. ಇಲ್ಲಂದ್ರ ಆಕಿ ಹೆಸರು ಯಾಕ ಕೆಡಿಸಲಿ? ಮೊದಲ ಖಾನಾವಳಿ ಹೆಂಗಿತ್ತು ಹೇಳ್ರಿ. ಖರೆ ಹೇಳ್ರಿ ಮತ್ತ."

ಆ ಬಾಗಲಾ ಮತ್ತ ತೆರೀತೈತಿ ಅಂದ್ರ ನಾ ಏನ ಮಾಡಾಕೂ ತಯಾರಿದ್ದೆ. ಖರೆ ಹೇಳಾಕ ಸೈತ.

೧. ಸೀರ್ಯಾಗ ಊಟದ ಹೊತ್ತು

ನಾ ಹರೇದಾಗ ಕುಣಿಮಗ್ಗದಾಗ ಕಾಲ ಇಳಿಬಿಟ್ಟು ಸೀರಿ ನೇಯ್ತಿದ್ದೆ. ಗ್ವಾಡಿ ಆಚೆ ಖಾನಾವಳಿ. ಆ ಕಡೆ ಅವ್ವ ರೊಟ್ಟಿ ಬಡದ್ರ ಈ ಕಡೆ ನನ್ನ ಕೈ ಆಕಿ ತಾಳಕ್ಕ ಬೀಳ್ತಿತ್ತು. ಆಕಿ ಜೋರ ಬಡದ್ರ ನಾನೂ ಜೋರ, ನೂಲು ಒತ್ತಾಗಿ ಕುಂಡ್ರತಿತ್ತು. ಆಕಿ ಪಲ್ಯಾ ತಿರುವಾಕ ಎದ್ದು ಹೋದ್ಲೋ, ನನ್ನ ಕೈ ಸಡಲು, ನೇಯ್ಗಿನೂ ಸಡಲು.

ಒಂದಿನ ಮಗ್ಗದ ಸಾವಕಾರ್ರು ನನ್ನ ಸೀರಿ ಬೆಳಕಿಗೆ ಹಿಡದು ಅದರ ಮ್ಯಾಲ ಬೆರಳಾಡಿಸಿದ್ರು.

"ಇಲ್ಲಿ ಅವ್ವ ರೊಟ್ಟಿ ಚಾಲೂ ಮಾಡ್ಯಾಳ," ಅಂದ್ರು. ಬೆರಳು ಮುಂದ ಸರೀತು. "ಇಲ್ಲಿ ಬ್ಯಾಳಿಗೆ ಒಗ್ಗರಣಿ ಕೊಡಾಕ ಎದ್ದಾಳ. ಹೌದಿಲ್ಲೋ?"

"ಹೌದ್ರಿ. ಬಳ್ಳೊಳ್ಳಿ ಒಗ್ಗರಣಿ."

ಇನ್ನೊಂದ ಕಡೆ ಬೆರಳು ನಿಂತಿತು. ಅಲ್ಲಿ ಸೀರ್ಯಾಗಿಂದ ಸಾವಕಾರ್ರ ಮೀಸಿ ಸೈತ ಕಾಣ್ತಿತ್ತು.

"ಇಲ್ಲಿ ಏನಾತಲೇ?"

"ಅಲ್ಲಿ ನನ್ನನ್ನ ಉಣ್ಣಾಕ ಕರದ್ಲ್ರಿ."

೨. ಸ್ವತಂತ್ರ ಹೋಳಿಗಿ

ಸ್ವಾತಂತ್ರ್ಯ ಬಂದ ದಿನ ಅವ್ವ ಎಲ್ಲಾರಿಗೂ ಪುಕ್ಕಟ ಹೋಳಿಗಿ ಊಟ ಹಾಕಿದ್ಲು. ಮಂದಿ ಝೇಂಡಾ ಏರಸಾಕ ಹೋದ್ರು, ನಾ ಮೊದಲನೇ ಪಂಕ್ತ್ಯಾಗ ಜಾಗಾ ಹಿಡ್ಯಾಕ ಹೋದೆ. ದೇಶಕ್ಕ ಯಾರಾರ ಒಬ್ರು ಕುಂಡ್ರಲೂ ಬೇಕಲ್ಲ.

ನನ್ನ ಬಾಜೂಕ ಒಬ್ಬ ಲಕ್ಷ್ಮೇಶ್ವರದ ವ್ಯಾಪಾರಿ ಬಂದು ಕುಂತ. ಲಕ್ಷ್ಮೇಶ್ವರ ಆವಾಗ ಮಿರಜ ಸಂಸ್ಥಾನದಾಗ ಇತ್ತು, ಶಿರಹಟ್ಟಿ ಸಾಂಗ್ಲಿ ಅರಸರ ಕಡೆ. ನಮ್ಮ ಗದಗ ಬ್ರಿಟಿಷರ ಕೈಯಾಗ. ಅಂದ್ರ ಹಿಂದಿನ ದಿನದ ಮಟ.

ನಾ ಎದಿ ಉಬ್ಬಿಸಿ ಅಂದೆ: "ನಾವು ಸ್ವತಂತ್ರ ಆದಿವಿ. ನಿಮ್ಮ ತಲಿ ಮ್ಯಾಲ ಇನ್ನೂ ಅರಸ ಕುಂತಾನ. ನಿಮಗ್ಯಾಕ ಹೋಳಿಗಿ?"

ಪಾಪ, ಅವ ಎದ್ದು ನಿಂತ. ಅಷ್ಟ್ರಾಗ ಅವ್ವ ತುಪ್ಪದ ತಂಬಿಗಿ ಹಿಡಕೊಂಡು ಬಂದ್ಲು. "ಕುಂಡ್ರ್ರಿ ಅಣ್ಣಾರ. ಪರರಾಜ್ಯದ ಬೀಗರು ನೀವು, ಮೊದಲ ನಿಮಗ." ಅಂದಾಕಿ ಅವನ ತಾಟಿಗೆ ಬಿಸಿ ಹೋಳಿಗಿ ಹಾಕಿ ತುಪ್ಪ ಸುರದ್ಲು. ಅದು ಮುಗಿಯೂದ್ರಾಗ ಮತ್ತೊಂದು ಹಾಕಿದ್ಲು. ನಾ ತಾಟು ಮುಂದ ಸರಿಸಿದೆ.

"ಅವ್ವಾ, ನನಗ?"

"ನೀ ಸ್ವತಂತ್ರ ಆಗೀಯಲ್ಲಪಾ. ಒಲಿ ಅಲ್ಲೈತಿ, ಹೂರಣ ಅಲ್ಲೈತಿ. ಮಾಡಕೋ, ತಿನ್ನು, ತಾಟು ತೊಳದಿಟ್ಟು ಹೋಗು."

"ಮಾಡಿದ್ರೇನ್ರಿ ಅಜ್ಜಾ?" ಅಂತ ಮೊಮ್ಮಗಳು ಕೇಳಿದ್ಲು.

ಮಾಡಿದೆ. ಲಕ್ಷ್ಮೇಶ್ವರದವ ನನ್ನ ಹೋಳಿಗಿ ಆ ಕಡೆ ಈ ಕಡೆ ಹೊಳ್ಳಿಸಿ ನೋಡಿ, "ಇದು ಯಾವ ಸಂಸ್ಥಾನದ ನಕಾಶೀರಿ?" ಅಂತ ಕೇಳಿದ.

೩. ಅಂಚು ಚಲೋ ಐತಿ

ಆಮ್ಯಾಲ ನಾ ಸೀರಿ ಮಾರಾಕ ಹಳ್ಳಿ ಹಳ್ಳಿ ತಿರಗಾಕ ಹತ್ತಿದೆ. ನೇಯೋದಕ್ಕಿಂತ ಮಾರೋದ್ರಾಗ ಕಡಿಮಿ ಲುಕ್ಸಾನ ಮಾಡ್ತಾನ ಅಂತ ಸಾವಕಾರ್ರ ಲೆಕ್ಕಾಚಾರ. ಸೈಕಲ್ಲಿನ ಹಿಂದ ಸೀರಿ ಗಂಟು, ಮುಂದ ಹ್ಯಾಂಡಲಿಗೆ ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು. ಎರಡೂ ಹಳೇ ಧೋತರದಾಗ ಕಟ್ಟಿದ್ದು, ಎರಡೂ ಒಂದ ಗಾತ್ರ. ನನ್ನ ಬುತ್ತಿ ಅಷ್ಟಿರತಿತ್ತು.

ಮುಂಡರಗಿ ಕಡೆ ಹಿರೇವಡ್ಡಟ್ಟಿಗೆ ಹೋದೆ. ಒಂದು ದೊಡ್ಡ ಮನ್ಯಾಗ ಮದುವಿ ಜವಳಿ ನೋಡಾಕ ಹೆಣಮಕ್ಕಳೆಲ್ಲಾ ಸುತ್ತಗಟ್ಟಿ ಕುಂತ್ರು. ಅಷ್ಟು ಮಂದಿ ನನ್ನ ನೋಡಾಕತ್ತಿದ್ದು ನನ್ನ ಜನ್ಮದಾಗ ಅದ ಮೊದಲು. ಹಂಗಾಗಿ ನಾ ಗಂಟಿನ ಕಡೆ ನೋಡಲೇ ಇಲ್ಲ, ಅವರ ಮಾರಿ ನೋಡ್ತಾ ಗಂಟು ಬಿಚ್ಚಿದೆ.

"ನೋಡ್ರಿ ಯವ್ವಾ, ಪೂರಾ ಕೈಲೇ ಮಾಡಿದ್ದು. ಮೈ ನೋಡ್ರಿ, ಹೆಂಗ ಬೆಳ್ಳಗೈತಿ. ಅಂಚು ನೋಡ್ರಿ, ಎಲ್ಲಾರ ಒಂದ ಕಡೆ ಸೀಳೇತೇನು? ನಮ್ಮ ಬೆಟಗೇರಿ ಬಿಟ್ರ ಇಂಥಾ ಮಾಲು ಎಲ್ಲೂ ಸಿಗಂಗಿಲ್ಲ."

ಒಬ್ಬಾಕಿ ಮುದುಕಿ ಮುಂದ ಸರದು, ಕೈ ಹಾಕಿ, ಲಟಕ್ ಅಂತ ಒಂದು ಚೂರು ಮುರದು ಬಾಯಾಗ ಹಾಕ್ಕೊಂಡ್ಲು. ಸಾವಕಾಶ ನುರಿಸಿದ್ಲು.

"ಅಂಚು ಚಲೋ ಐತಿ ತಮ್ಮಾ," ಅಂದ್ಲು. "ಸೆರಗಿಗೆ ಒಂಚೂರು ಶೇಂಗಾ ಹಿಂಡಿ ಇದ್ರ ಕೊಡು."

೪. ಎರಡೂ ಕಡೆದವರು

ಏಕೀಕರಣ ಆದ ಮ್ಯಾಲ ಮೈಸೂರು ಕಡೆಯ ಸರಕಾರಿ ಮಂದಿ ಗದಗಿಗೆ ಬರಾಕ ಹತ್ತಿದ್ರು. ಒಬ್ರು ಗುಮಾಸ್ತರು, ಭಾಳ ಸಂಭಾವಿತರು, ಖಾನಾವಳಿಗೆ ಬಂದು ನನ್ನ ಬಾಜೂಕ ಕುಂತ್ರು. ಅವ್ವನ ಖಾನಾವಳಿ ಪದ್ಧತಿ ಏನಂದ್ರ, ಉಣ್ಣಾವ ತಾನಾಗಿ "ಅನ್ನ ತರ್ರಿ" ಅನ್ನೂಮಟ ರೊಟ್ಟಿ ನಿಲ್ಲಂಗಿಲ್ಲ. ಗುಮಾಸ್ತರಿಗೆ ಅದು ಹೆಂಗ ಗೊತ್ತಾಗಬೇಕು? ತಾಟಿನ್ಯಾಗಿದ್ದದ್ದು ಮುಗಿಸಿದ್ರ ಅನ್ನ ಬರತೈತಿ ಅಂತ ಅವರು ರೊಟ್ಟಿ ಮುಗಿಸಿದ್ರು. ಅವ್ವ ಇನ್ನೊಂದು ಹಾಕಿದ್ಲು. ಅದನ್ನೂ ಮುಗಿಸಿದ್ರು. ಅವ್ವ ಮತ್ತೊಂದು ಹಾಕಿದ್ಲು.

ಇದೆಲ್ಲಾ ನನಗ ಆಮ್ಯಾಲ ತಿಳೀತು. ಆವಾಗ ನಾ ತಿಳಕೊಂಡಿದ್ದ ಬ್ಯಾರೆ. ಮುದ್ದಿ ಉಣ್ಣೋ ಸೀಮಿಯವರು ನಮ್ಮೂರಿಗೆ ಬಂದು ರೊಟ್ಟ್ಯಾಗ ನಮ್ಮನ್ನ ಸೋಲಸಾಕ ಕುಂತಾರ ಅಂತ ತಿಳಕೊಂಡೆ. ಇಡೀ ಉತ್ತರ ಕರ್ನಾಟಕದ ಮಾನ ನನ್ನ ತಾಟಿಗೆ ಬಂದು ಬಿತ್ತು. ಅವರೊಂದು ತಿಂದ್ರ ನಾನೊಂದು. ಅವರು ನನ್ನ ನೋಡಿ ಪಾಪ ನಕ್ರು. ನಾ ಅದನ್ನ ಸವಾಲು ಅಂದುಕೊಂಡೆ. ಅವರ ಹಣಿ ಮ್ಯಾಲ ಬೆವರು ಬಂತು, ನನ್ನ ಧೋತರದ ಗಂಟು ಸಡಲಾತು. ಖಾನಾವಳ್ಯಾಗ ಹಿಟ್ಟು ತೀರಿ ಹಿರೇಹಂದಿಗೋಳದಿಂದ ಚಕ್ಕಡ್ಯಾಗ ಜ್ವಾಳ ತರಿಸಿದ್ರು.

"ಚಕ್ಕಡ್ಯಾಗ?" ಅಂದ್ಲು ಮೊಮ್ಮಗಳು.

"ಸಣ್ಣ ಚಕ್ಕಡಿ," ಅಂದೆ.

ಕಡೀಕ ಗುಮಾಸ್ತರು ಕಣ್ಣಾಗ ನೀರು ತುಂಬಕೊಂಡು ನನ್ನ ಕಿವಿ ಹಂತೇಲಿ ಬಗ್ಗಿದ್ರು. "ಸ್ವಾಮಿ, ನೀವು ಇಲ್ಲಿಯವರ ಹಾಗೆ ಕಾಣ್ತೀರಿ. ಇಲ್ಲಿ ಅನ್ನ ಯಾವಾಗ ಬಡಿಸ್ತಾರೆ?"

ಉತ್ತರ ಕೊಡಾಕ ನನ್ನ ಬಾಯಾಗ ಜಾಗಾ ಇರಲಿಲ್ಲ.

ಇಬ್ರಿಗೂ ಏಳಾಕ ಆಗಲಿಲ್ಲ. ಹಿಂದಿನ ಗ್ವಾಡಿಗೆ ಒರಗಿ, ಒಬ್ರ ಹೆಗಲಿಗೆ ಒಬ್ರು ಆತು ಕುಂತ್ವಿ. ಅವ್ವ ಅಡಗಿಮನಿಯಿಂದ ಹೊರಗ ಬಂದು ನಡಕ್ಕ ಕೈ ಇಟ್ಟು ನೋಡಿದ್ಲು.

"ಏಕೀಕರಣ ಏಕೀಕರಣ ಅಂತಿದ್ರು, ಏನಂತ ತಿಳದಿದ್ದಿಲ್ಲ," ಅಂದ್ಲು. "ಎರಡೂ ಕಡೆದವರು ಬಂದು ಒಂದ ಗ್ವಾಡಿಗೆ ಬೀಳೋದು ಅನ್ರಿ."

೫. ಥೇಟ್ ಅವ್ವನ ಕೈ

ಮೊಮ್ಮಗಳು ನಕ್ಕು ನಕ್ಕು ಸೆರಗಿಲೇ ಕಣ್ಣೊರಸಿಕೊಂಡ್ಲು. ಆಮ್ಯಾಲ ಚೀಲದಾಗಿಂದ ಒಂದು ಸ್ಟೀಲಿನ ಡಬ್ಬಿ ತಗದು ನನ್ನ ಮುಂದಿಟ್ಲು.

"ನಸಿಕಿನ್ಯಾಗ ಎದ್ದು ಮಾಡೀನಿ. ತಿಂದು ಹೇಳ್ರಿ ಅಜ್ಜಾ. ಆಯಿ ರುಚಿ ಬಂದಿಲ್ಲಂದ್ರ ಬಂದಿಲ್ಲ ಅನ್ರಿ, ನಾ ಬ್ಯಾಸರ ಮಾಡಕೊಳ್ಳಂಗಿಲ್ಲ. ಆ ವ್ಯಾಪಾರಿಗೆ ಹೂಂ ಅಂದು ಬಿಡ್ತೀನಿ." ಅಂದು ನೀರು ತರಾಕ ಒಳಗ ಹೋದ್ಲು.

ಡಬ್ಬಿ ಮುಚ್ಚಳಾ ಭಾಳ ಬಿಗಿ. ಹಗಲೆಲ್ಲಾ ಮಗ್ಗಾ ಬಡದ ಕೈ ಇವು, ಈಗ ಒಂದು ಡಬ್ಬಿ ಸೈತ ಮಾತು ಕೇಳವಲ್ಲದು. ಉಗುರು ಹಾಕಿ ಎಬ್ಬಿಸಿದೆ. ಧೋತರದ ಚುಂಗು ಸುತ್ತಿ ತಿರುವಿದೆ. ಮೊಳಕಾಲ ನಡುವ ಒತ್ತಿ ಹಿಡದು ಜಗ್ಗಿದೆ, ನಾನ ಕಟ್ಟಿಯಿಂದ ಬೀಳಾವ ಇದ್ದೆ. ಒಳಗ ತಂಬಿಗಿ ಸಪ್ಪಳ ಕೇಳ್ತು. "ನನ್ನ ಕೈಲೇ ಆಗಂಗಿಲ್ಲ ಯವ್ವಾ, ತಗದು ಕೊಡು" ಅನ್ನಾಕ ನಾಚಿಕಿ. ಸುಮ್ಮನ ಕುಂತ್ರ, ರುಚಿ ಬಂದಿಲ್ಲ ಅಂತ ತಿಳಕೊಂಡಾಳು. ಆತು, ಸಂಜಿಮುಂದ ಅವ್ವನ ಬಾಗಲಾಗ ಅರಿವಿ ತಾನು ನೇತಾಡ್ತಾವು.

ಡಬ್ಬಿ ಬಾಜೂಕ ಸರಿಸಿ, ಮೀಸಿ ಒರಸಿಕೊಂಡು, ಒಂದು ತೇಗು ತೇಗಿದೆ.

"ತಿಂದ್ರೇನ್ರಿ ಅಜ್ಜಾ?"

"ತಿಂದೆ. ಏನ ಹೇಳ್ಲಿ ಯವ್ವಾ, ಕಣ್ಣಾಗ ನೀರು ಬಂತು. ಎಣ್ಣಿಗಾಯಿ ಅಂದ್ರ ಇದು. ಬದನಿಕಾಯಿ ಬಾಯಾಗ ಇಟ್ಟ ಕೂಡ್ಲೆ ಬೆಣ್ಣಿ ಕರಗಿದಂಗ ಕರಗಿತು. ಶೇಂಗಾ, ಗುರೆಳ್ಳು, ಹುಂಚಿಹುಳಿ, ಎಲ್ಲಾ ಎಷ್ಟ ಬೇಕೋ ಅಷ್ಟ. ತೊಟ್ಟು ಸೈತ ಬಿಡಲಿಲ್ಲ ನಾನು. ಥೇಟ್ ಅವ್ವನ ಕೈ. ಸಂಜಿಮಟ ಯಾಕ ಕಾಯ್ತಿ, ಈಗಿಂದೀಗ ಹೋಗಿ ಕೀಲಿ ತಗಿ."

ಆಕಿ ತಂಬಿಗಿ ಕೆಳಗಿಟ್ಲು. ಡಬ್ಬಿ ಎತ್ತಿ, ಹೆಬ್ಬಟ್ಟಿಲೆ ಒತ್ತಿ, ಟಪ್ ಅಂತ ಮುಚ್ಚಳಾ ತಗದು ನನ್ನ ಕಡೆ ಹಿಡದ್ಲು. ಕಂಠಮಟ ತುಂಬಿತ್ತು.

"ಅಜ್ಜಾ, ಇದು ಹೆಸರುಕಾಳ ಪಲ್ಯಾ," ಅಂದ್ಲು. "ಬದನಿಕಾಯಿ ಇನ್ನೂ ಸಂತ್ಯಾಗ ಐತಿ."