ನೆತ್ತಿಯ ಮೇಲಿನ ರೂಪಾಯಿ

ಭಾನುವಾರ ಬೆಳಿಗ್ಗೆ ಗಂಡನ ತಲೆಗೆ ಎಣ್ಣೆ ತಿಕ್ಕುತ್ತಿದ್ದ ರೇಣುಕಾಳ ಕೈ ನೆತ್ತಿಯ ಮೇಲೆ ಗಕ್ಕನೆ ನಿಂತಿತು.

"ಏನ್ರೀ ಇದು? ಇಲ್ಲಿ ಕೂದಲಾ ಇಲ್ಲ!"

"ಎಷ್ಟು ಜಾಗಾದಾಗ?" ಎಂದು ಕಾಶಿನಾಥ ಕೇಳಿದ. ಬೇರೆ ಯಾರಾದರೂ ಆಗಿದ್ದರೆ ಕನ್ನಡಿಗೆ ಓಡುತ್ತಿದ್ದರು. ಅವನು ಕೂತಲ್ಲಿಂದ ಏಳಲಿಲ್ಲ.

"ಒಂದು ರೂಪಾಯಿ ಬಿಲ್ಲೆ ಇಟ್ಟಷ್ಟು. ಮ್ಯಾಲೆ ಸಣ್ಣಗ ಹೊಟ್ಟು ಬ್ಯಾರೆ ಐತಿ."

"ಹೊಟ್ಟು ಬಿಡು, ಅದು ಈ ಬೋರಿನ ನೀರಿಂದು. ಜಾಗ ದುಂಡಗೈತೇನು?"

"ದುಂಡಗೈತ್ರಿ."

"ಅಲೋಪೇಶಿಯಾ ಏರಿಯಾಟಾ!" ಎಂದು ಕಾಶಿನಾಥ ತೀರ್ಪು ಕೊಟ್ಟ. "ನಮ್ಮ ಮೈಯೊಳಗಿನ ಸೈನ್ಯಾನ ದಾರಿ ತಪ್ಪಿ ಕೂದಲಿನ ಬುಡದ ಮ್ಯಾಲೆ ದಾಳಿ ಮಾಡತೈತಿ. ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ. ಭಾಳ ಮಂದಿಗೆ ತಾನಾ ಬೆಳಿತೈತಿ. ನೀ ಎಣ್ಣಿ ಹಚ್ಚು."

ಕಾಶಿನಾಥ ಡಾಕ್ಟರಲ್ಲ. ಸೇಡಂನಲ್ಲಿ ಬಿ.ಕಾಂ. ಮುಗಿಸಿ ಹೈದರಾಬಾದಿಗೆ ಬಂದಾಗ ಊರಿನ ಗೋಡೆಗಳಲ್ಲಿ ಸುಣ್ಣಕ್ಕಿಂತ ಕಂಪ್ಯೂಟರ್ ಕೋರ್ಸುಗಳ ಜಾಹೀರಾತೇ ಹೆಚ್ಚಿತ್ತು. ಅಮೀರ್‌ಪೇಟೆಯಲ್ಲಿ ಒಂದು ಕೋರ್ಸು ಮಾಡಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಂಪನಿ ಸೇರಿದ. ಅಮೆರಿಕದ ಡಾಕ್ಟರುಗಳು ರೋಗಿಗಳನ್ನು ನೋಡಿ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡುವ ಕೆಲಸ. ನಾಲ್ಕು ವರ್ಷದಲ್ಲಿ ಕಾಶಿನಾಥನ ಕಿವಿಯಲ್ಲಿ ಹಾದುಹೋಗದ ರೋಗವಿರಲಿಲ್ಲ. ರೋಗಿಯೊಬ್ಬನನ್ನೂ ಕಣ್ಣಿನಿಂದ ನೋಡಿರಲಿಲ್ಲ, ಅಷ್ಟೆ. ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಕನ್ನಡದವರೇ ತುಂಬಿದ್ದ ಅವನ ಓಣಿಯಲ್ಲಿ ಮೊದಮೊದಲು ತಮಾಷೆಗೆ 'ಡಾಕ್ಟರ್ ಸಾಬ್' ಎನ್ನುತ್ತಿದ್ದವರು ಬರಬರುತ್ತಾ ನಿಜಕ್ಕೇ ಹಾಗೆ ಕರೆಯತೊಡಗಿದ್ದರು. ಕಾಶಿನಾಥನೂ ಬೇಡ ಅಂದಿರಲಿಲ್ಲ.

ರೇಣುಕಾಗೆ ಸೈನ್ಯದ ಮಾತು ಅಷ್ಟಾಗಿ ಹಿಡಿಸಲಿಲ್ಲ. ಮೇಲಿನ ಮನೆಯ ಗಿರಿಜಾಬಾಯಿಯನ್ನು ಒಂದು ಮಾತು ಕೇಳಿಬಿಟ್ಟಳು. ಗಿರಿಜಾಬಾಯಿಯ ಗಂಡ ಗೂಡ್ಸ್ ರೈಲಿನ ಗಾರ್ಡು. ಆದರೆ ಆಕೆಯ ಬಾಯಿಯಿಂದ ಹೊರಟ ಸುದ್ದಿ ಮಾತ್ರ ಎಕ್ಸ್‌ಪ್ರೆಸ್ಸು, ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ.

ಆಕೆ ಕೆಳಗಿಳಿದು ಬಂದು, ದೂರದಿಂದಲೇ ಕತ್ತು ಚಾಚಿ ನೆತ್ತಿ ನೋಡಿ, ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯಯ್ಯ! ಇದು ಪೇನುಕೊರುಕುಡು! ತೆಲುಗು ಮಂದಿ ಹಂಗಾ ಅಂತಾರ. ಹೇನು ಕೂದಲಿನ ಬುಡಾನ ಕಡಕೊಂಡು ತಿಂತಾವು. ಮನಿಮನಿಗೆ ಹಬ್ಬತೈತಿ!" ಎಂದವಳೇ ಮೇಲೆ ನೋಡಿ, "ಪಿಂಕೀ, ಕೆಳಗ ಇಳೀಬ್ಯಾಡ!" ಎಂದು ಮಗಳಿಗೆ ಕೂಗಿದಳು.

ಹಾಲು ಉಕ್ಕುವಷ್ಟರಲ್ಲಿ ಓಣಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯ ಹಂಪಮ್ಮ ಜಂಟಿ ತಂತಿಯ ಮೇಲೆ ಒಣಹಾಕಿದ್ದ ಸೀರೆಯನ್ನು ಒದ್ದೆಯಿದ್ದಾಗಲೇ ಎಳೆದುಕೊಂಡು ಹೋದಳು. ರೇಣುಕಾ ನಲ್ಲಿಗೆ ಕೊಡ ಹಿಡಿದರೆ, ಮುಂದಿದ್ದವರು ತಾವಾಗಿಯೇ ಸರಿದು ಜಾಗ ಕೊಟ್ಟರು. ಮದುವೆಯಾಗಿ ಬಂದ ಮೇಲೆ ಅವಳಿಗೆ ಸರತಿಯಿಲ್ಲದೆ ನೀರು ಸಿಕ್ಕಿದ್ದು ಅದೇ ಮೊದಲು. ಅವಳು ಅಳುತ್ತಾ ಒಳಗೆ ಬಂದಳು.

"ನನ್ನ ಬಾಚಣಿಗಿ ಕೊಡು," ಎಂದ ಕಾಶಿನಾಥ. "ಈ ಅಜ್ಞಾನಾನ ಇವತ್ತಾ ಮುಗಸ್ತೀನಿ."

ಅವನು ಕಟ್ಟೆಯ ಮೇಲೆ ನಿಂತು ಎಲ್ಲರನ್ನೂ ಕರೆದ. ಏನಾದರೂ ನಡೆಯುತ್ತದೆ ಎಂದರೆ ಭಾನುವಾರ ಜನ ಸೇರುವುದಕ್ಕೆ ತಡವೇ? ಕಾಶಿನಾಥ ಮೊದಲು ತನ್ನ ನೆತ್ತಿಯ ಮೇಲೆ ಬಾಚಣಿಗೆ ಆಡಿಸಿದ. ಆಮೇಲೆ ಅದೇ ಬಾಚಣಿಗೆಯಿಂದ ಹೆಂಡತಿಯ ತಲೆ ಬಾಚಿದ.

"ನೋಡ್ರಿ! ಹತ್ತೂ ರೋಗ ಆಗಿದ್ರ ಕಟ್ಟಿಕೊಂಡ ಹೆಂಡತಿಗೆ ಹಿಂಗ ಮಾಡ್ತಿದ್ನೇನು?"

ಈ ತರ್ಕ ಹೆಂಗಸರಿಗೆ ನಾಟಿತು. ಅಮ್ಮನ ಮಾತು ಮೀರಿ ಇಳಿದುಬಂದಿದ್ದ ಪಿಂಕಿ ಮುಂದೆ ಬಂದು, "ಅಂಕಲ್, ನನ್ನ ಕೂದಲಾನೂ ಗೊಂಚಲ ಗೊಂಚಲ ಉದುರಾಕತ್ತಾವ್ರಿ," ಎಂದಳು. ಕಾಶಿನಾಥ ಬಾಚಣಿಗೆಯಿಂದ ಅವಳ ಬೈತಲೆ ತೆಗೆದು, ಹುಬ್ಬು ಗಂಟಿಕ್ಕಿ ನೋಡಿದ.

"ನಿಂಗ ಟೈಫಾಯ್ಡ್ ಆಗಿ ಮೂರು ತಿಂಗಳಾತಲ್ಲ? ದೊಡ್ಡ ಜ್ವರ ಬಂದ ಮ್ಯಾಲೆ ಹಿಂಗಾಗತೈತಿ. ಚೆಂದಂಗ ಉಣ್ಣು, ತಾನಾ ನಿಲ್ಲತೈತಿ."

ಮಗಳ ಮುಖ ಅರಳಿದ್ದು ನೋಡಿ ಗಿರಿಜಾಬಾಯಿಯೂ ತುರುಬು ಬಿಚ್ಚಿದಳು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿದಿತ್ತು. "ತುರುಬು ಕಟ್ಟೂದಲ್ಲ ಬಾಯಾರ ಇದು, ಜಗ್ಗೂದು. ಎಳೆದೆಳೆದು ಕಟ್ಟಿದ್ರ ಬುಡ ಸಡಲ್ತೈತಿ. ಸಡಿಲ ಹೆಣಕೋರಿ," ಎಂದು ಅವಳ ತಲೆಯನ್ನೂ ಬಾಚಿ ತೋರಿಸಿದ. ಹಂಪಮ್ಮ ಒದ್ದೆ ಸೀರೆ ಬಗಲಲ್ಲಿಟ್ಟುಕೊಂಡೇ ಬಂದು ಕೂತಳು. ಅವಳಿಗೆ ಸುಸ್ತು, ಮೈ ಬೇರೆ ಊದುತ್ತಿತ್ತು. "ಥೈರಾಯ್ಡ್ ಇರಬಹುದು. ರಕ್ತ ತಪಾಸ ಮಾಡಸ್ರಿ. ಕಬ್ಬಿಣದ ಅಂಶಾನೂ ನೋಡಸ್ರಿ." ಬಾಚಣಿಗೆ ಮುಂದಿನ ತಲೆಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರು, ಮಕ್ಕಳು, ಗಂಡಸರಲ್ಲಿ ಅರ್ಧ ಮಂದಿ ಆ ಬಾಚಣಿಗೆಯ ಕೆಳಗೆ ಹಾದುಹೋಗಿದ್ದರು. ರೇಣುಕಾ ಎಲ್ಲರಿಗೂ ಚಹಾ ಮಾಡಿ ಸೋತಳು. ಆದರೂ ಈಗ ಅವಳ ಮುಖದಲ್ಲಿ ನಗುವಿತ್ತು.

ಕೊನೆಗೆ ಎದುರುಮನೆಯ ಮೌನಪ್ಪ ಬಂದ. ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು. ಅವನ ತಲೆ ಹುಣಸೆಹಣ್ಣು ಹಚ್ಚಿ ಬೆಳಗಿದ ತಂಬಿಗೆಯಂತಿತ್ತು.

"ನಮ್ಮದಕ್ಕೇನಾರ ಐತೇನ್ರಿ ಡಾಕ್ಟರ್ ಸಾಬ್?"

ಗೆದ್ದ ಉತ್ಸಾಹದಲ್ಲಿದ್ದ ಕಾಶಿನಾಥನ ನಾಲಿಗೆ ಹಿಡಿತದಲ್ಲಿರಲಿಲ್ಲ. "ನಿಮ್ಮದು ಅಪ್ಪ, ಅಜ್ಜನಿಂದ ಬಂದ ಆಸ್ತಿ. ಹಚ್ಚೂ ಔಷಧ ಐತಿ, ಆದ್ರ ಕೂದಲಿದ್ದಾಗ ಹಚ್ಚಬೇಕು. ಹಿಂದಿನ ಕೂದಲಾ ಕಿತ್ತು ಮುಂದ ನಾಟೀನೂ ಮಾಡ್ತಾರ. ಆದ್ರ ನಿಮ್ಮ ಹೊಲದಾಗ ನಾಟಿಗೆ ಸಸೀನಾ ಉಳಿದಿಲ್ಲ. ನಿಮಗ ಬಾಚಣಿಗಿ ಖರ್ಚೂ ಇಲ್ಲ, ಬಿಡ್ರಿ!"

ಓಣಿ ಗೊಳ್ಳೆಂದು ನಕ್ಕಿತು. ಮೌನಪ್ಪ ನಗಲಿಲ್ಲ.

"ಭಾಳ ಚಲೋ ಮಾತಾಡ್ತೀರಿ. ಖರೇ ಡಾಕ್ಟರ್ ಮುಂದ ಹಿಂಗಾ ಮಾತಾಡ್ರಿ ನೋಡೂಣು. ಸ್ಟೇಷನ್ ಹತ್ರ ಚರ್ಮದ ಡಾಕ್ಟರಮ್ಮ ಹೊಸದಾಗಿ ದವಾಖಾನಿ ತಗದಾರ. ನಮ್ಮ ರಾಯಚೂರಿನವ್ರಾ."

"ನಡೀರಿ ಈಗಿಂದೀಗ!" ಎಂದ ಕಾಶಿನಾಥ. "ನೀವಾ ಸಾಕ್ಷಿ."

ಡಾಕ್ಟರ್ ವೇದವತಿಯ ದವಾಖಾನೆಯಲ್ಲಿ ಖಾಲಿ ಬೆಂಚು ಹೊಸ ಬಣ್ಣದ ವಾಸನೆ ಬೀರುತ್ತಿತ್ತು. ಕಾಶಿನಾಥ ಕುರ್ಚಿಯಲ್ಲಿ ಕೂತವನೇ ತನ್ನ ರೋಗದ ಹೆಸರು, ಕಾರಣ, ಚುಚ್ಚಬೇಕಾದ ಇಂಜೆಕ್ಷನ್ನು ಎಲ್ಲವನ್ನೂ ತಾನೇ ಹೇಳಿದ. ಓಣಿಯವರಿಗೆ ಕೊಟ್ಟ ಸಲಹೆಗಳನ್ನೂ ಒಪ್ಪಿಸಿದ. ಡಾಕ್ಟರಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳಿದರು.

"ಯಾವ ಮೆಡಿಕಲ್ ಕಾಲೇಜ್ರಿ ನಿಮ್ಮದು?"

"ಅಮೀರ್‌ಪೇಟ್ರಿ. ಆರು ತಿಂಗಳ ಕೋರ್ಸು."

"ಆದ್ರೂ ಭೇಷ್. ಆ ಹುಡುಗಿಗೆ ಹೇಳಿದ್ದು ಸರಿ ಐತಿ. ತುರುಬಿಂದೂ ಸರಿ, ಥೈರಾಯ್ಡ್ ತಪಾಸಾನೂ ಸರಿ. ಇವರಿಗೆ ಹೇಳಿದ್ದೂ..." ಎಂದು ಮೌನಪ್ಪನ ತಲೆ ನೋಡಿ, "ಜರಾ ಖಾರ ಆತು, ಆದ್ರ ಸುಳ್ಳಲ್ಲ."

ಕಾಶಿನಾಥ ಮೌನಪ್ಪನ ಕಡೆ ತಿರುಗಿ ಹುಬ್ಬು ಹಾರಿಸಿದ. ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಅವನ ನೆತ್ತಿಗೆ ಬಗ್ಗಿದರು. ತುಸು ಹೊಟ್ಟನ್ನು ಕೆರೆದು ಗಾಜಿನ ಮೇಲಿಟ್ಟು, ಒಂದು ಹನಿ ಔಷಧ ಬಿಟ್ಟು, ಒಳಗಿದ್ದ ಮೈಕ್ರೋಸ್ಕೋಪಿನಲ್ಲಿ ನೋಡಿ ಬಂದರು.

"ನಿಮ್ಮದೊಂದಾ ತಪ್ಪಾಗೈತ್ರಿ."

"ಆಂ?"

"ನೀವು ಹೇಳಿದ ರೋಗದಾಗ ಜಾಗ ನುಣ್ಣಗ ಇರತೈತಿ. ಇಲ್ಲಿ ಹೊಟ್ಟು ಐತಿ, ಕೂದಲಾ ಬುಡದಾಗ ಮುರದು ಕರೀ ಚುಕ್ಕಿ ಆಗ್ಯಾವ. ಇದು ಗಜಕರ್ಣ, ತಲಿಗೆ ಆಗಿದ್ದು. ದೊಡ್ಡವರಿಗೆ ಆಗೂದು ಅಪರೂಪ. ಕಂಪನ್ಯಾಗ ಆ ಹೆಡ್‌ಫೋನ್ ನೀವೊಬ್ರಾ ಹಾಕ್ಕೋತೀರೇನು?"

"ಇಲ್ರಿ, ಮೂರೂ ಪಾಳಿಯವ್ರು."

"ಅಲ್ಲಿಂದಾ ಬಂದಿರಬಹುದು."

"ಟೀನಿಯಾ ಕ್ಯಾಪಿಟಿಸ್..." ಗಜಕರ್ಣದ ಡಾಕ್ಟರೀ ಹೆಸರು ಕಾಶಿನಾಥನ ಬಾಯಿಗೆ ತಾನಾಗಿಯೇ ಬಂತು. "ಇದನ್ನೂ ಟೈಪ್ ಮಾಡೀನ್ರಿ. ಸ್ಪೆಲ್ಲಿಂಗ್ ಬರ್ತೈತಿ."

"ಸ್ಪೆಲ್ಲಿಂಗಿಗೆ ಹೊಟ್ಟು ಇರಂಗಿಲ್ಲಲ್ರಿ. ಹೆದರಬ್ಯಾಡ್ರಿ, ಕೆಲವು ವಾರ ಗುಳಿಗಿ ತಗೊಂಡ್ರ ವಾಸಿ ಆಗತೈತಿ, ಕೂದಲಾನೂ ಬರತಾವು. ಆದ್ರ ಇದು ಹತ್ತೂ ರೋಗ. ನಿಮ್ಮ ಬಾಚಣಿಗಿ ಬ್ಯಾರೆ ಯಾರೂ ಮುಟ್ಟಿಲ್ಲಲ್ಲ?"

ಕಾಶಿನಾಥ ಬೆರಳು ಮಡಚಿ ಓಣಿಯ ತಲೆಗಳನ್ನು ಎಣಿಸತೊಡಗಿದ. ಮೌನಪ್ಪ ನಗಲು ಶುರು ಮಾಡಿದ. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು, ಕೊನೆಗೆ ಕಣ್ಣಲ್ಲಿ ನೀರು ಬಂತು. ಎರಡೂ ಕೈಯಿಂದ ತನ್ನ ಬೋಳು ತಲೆಯನ್ನು ಪ್ರೀತಿಯಿಂದ ಸವರಿಕೊಂಡ. "ನಮ್ಮಪ್ಪ, ನಮ್ಮಜ್ಜ ಪುಣ್ಯಾತ್ಮರು! ಎಂಥಾ ಆಸ್ತಿ ಬಿಟ್ಟು ಹೋದ್ರಪ್ಪಾ!"

ದಾರಿಯಲ್ಲಿ ಕಾಶಿನಾಥ, "ಮೌನಪ್ಪನವ್ರ, ಇದನ್ನ ನಾನಾ ಹೇಳ್ತೀನ್ರಿ. ತಪ್ಪು ನಂದು," ಎಂದ. ಸುದ್ದಿ ಗಿರಿಜಾಬಾಯಿಯ ಬಾಯಿಗೆ ಬೀಳುವ ಮೊದಲು ತನ್ನ ಬಾಯಿಂದ ಬರಲಿ ಎಂಬ ಆಸೆಯಷ್ಟೇ ಅವನಿಗೆ ಉಳಿದಿತ್ತು. ಮೌನಪ್ಪ ಉದಾರವಾಗಿ ಒಪ್ಪಿದ. ನೋಡುವುದಕ್ಕೆ ಒಳ್ಳೆಯ ಜಾಗ ಸಿಕ್ಕರೆ ಅವನಿಗೆ ಸಾಕಾಗಿತ್ತು.

ಬೆಳಿಗ್ಗೆ ನಿಂತಿದ್ದ ಕಟ್ಟೆಯ ಮೇಲೆಯೇ ನಿಂತು ಕಾಶಿನಾಥ ಎಲ್ಲವನ್ನೂ ಹೇಳಿದ. ಎಲ್ಲರ ಕೈಗಳೂ ಒಟ್ಟಿಗೇ ತಲೆ ಕೆರೆಯಲು ಮೇಲೆದ್ದವು.

"ನಾ ಹೇಳಿದ್ನಿಲ್ಲೋ, ಹಬ್ಬತೈತಿ ಅಂತ!" ಎಂದು ಗಿರಿಜಾಬಾಯಿ ಚೀರಿದಳು. "ಅರ್ಧ ಡಾಕ್ಟರೂ ಅಲ್ಲ ನೀ, ಅರ್ಧ ತಲೀನೂ ಇಲ್ಲ ನಿನಗ!"

ರೇಣುಕಾ ಬಾಚಣಿಗೆಯನ್ನು ಒಲೆಗೆ ಹಾಕಿದಳು. ಚಪ್ಪಲಿ ಮೆಟ್ಟಿ ದವಾಖಾನೆಯ ಕಡೆ ಎಲ್ಲರಿಗಿಂತ ಮುಂದೆ ನಡೆದಳು. ಸಂಜೆಯ ಲೋಕಲ್ ರೈಲು ಬಂದಾಗಲೂ ಸ್ಟೇಷನ್ ರಸ್ತೆಯಲ್ಲಿ ಅಷ್ಟು ಜನ ಇರುತ್ತಿರಲಿಲ್ಲ. ಮುಂದೆ ಹೆಂಗಸರು, ನಡುವೆ ಮಕ್ಕಳು, ಹಿಂದೆ ತಲೆಗೆ ಟವೆಲು ಸುತ್ತಿದ ಗಂಡಸರು. ಎಲ್ಲರ ಹಿಂದೆ ತಲೆ ತಗ್ಗಿಸಿದ ಕಾಶಿನಾಥ, ಅವನ ಪಕ್ಕದಲ್ಲಿ ತಲೆ ಎತ್ತಿದ ಮೌನಪ್ಪ.

ಡಾಕ್ಟರಮ್ಮ ಒಬ್ಬೊಬ್ಬರ ತಲೆಯನ್ನೂ ತಾಳ್ಮೆಯಿಂದ ನೋಡಿದರು. ಇವತ್ತೇ ಏನೂ ಕಾಣಿಸುವುದಿಲ್ಲ, ಎಲ್ಲರೂ ಔಷಧದ ಶಾಂಪೂ ಹಾಕಿಕೊಂಡು ಎರಡು ವಾರ ಬಿಟ್ಟು ಮತ್ತೆ ಬಂದು ತೋರಿಸಬೇಕು ಎಂದರು. ಪಿಂಕಿಗೆ ಟಾನಿಕ್ಕು, ಹಂಪಮ್ಮನಿಗೆ ರಕ್ತಪರೀಕ್ಷೆ ಬರೆದರು. ಬೆಂಚು ಸಾಲದೆ ಪಕ್ಕದ ಚಹಾದಂಗಡಿಯಿಂದ ಕುರ್ಚಿ ತರಿಸಬೇಕಾಯಿತು.

ಎಲ್ಲರೂ ಹೋದ ಮೇಲೆ ಅವರು ಕಾಶಿನಾಥನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಮಾಡಿದರು. ಬೈಗುಳಕ್ಕೆ ಸಿದ್ಧನಾಗಿ ಅವನು ಕೈಕಟ್ಟಿ ನಿಂತ.

"ದವಾಖಾನಿ ತಗದಾಗಿಂದ ಇಷ್ಟು ಪೇಷಂಟ್ ಬಂದಾ ಇಲ್ರಿ," ಎಂದರು ಡಾಕ್ಟರಮ್ಮ, ದನಿ ತಗ್ಗಿಸಿ. "ಗುಳಿಗಿ ಶುರು ಮಾಡೂಕ ಮೊದಲ... ಇನ್ನೊಂದು ಓಣ್ಯಾಗೂ ಒಮ್ಮೆ ತಲಿ ಬಾಚಿ ಬರ್ತೀರೇನು?"