ಕ್ವಿಬೆಕ್ ಕತೆಗೆ ಬಿಂದಿಗೆಯ ಕ್ಯೂ

ವಾಚನಾಲಯದಲ್ಲಿ ಕೆಲಸ ಮಾಡುವವರಿಗೆ ಸದ್ದುಗದ್ದಲ ಗೊತ್ತೇ ಇರುವುದಿಲ್ಲ ಎಂದು ಜನ ನಂಬಿದ್ದಾರೆ. ಅಂಥವರು ಒಂದು ಶನಿವಾರ ಚಿನ್ನದ ಗಣಿಯ ಊರಾದ ಉರಿಗಾಂಗೆ ಬಂದು ಕೂತು ನೋಡಬೇಕು. ನಾನು ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಇಲ್ಲಿನ ಪುಟ್ಟ ವಾಚನಾಲಯದ ಬಾಗಿಲು ತೆಗೆಯುವವಳು. ಬಾಗಿಲು ತೆಗೆದ ಮೇಲೆ ಏನಾದರೊಂದು ಆಗದೆ ಮುಚ್ಚಿದ ದಿನ ನನಗೆ ನೆನಪಿಲ್ಲ.

ಇಲ್ಲೇ ಹುಟ್ಟಿ ಬೆಳೆದು ಈಗ ಕೆನಡಾದಲ್ಲಿರುವ ಹೆಂಗಸೊಬ್ಬರು ನಮಗೆ ಒಂದು ಪೆಟ್ಟಿಗೆ ಪುಸ್ತಕ ಕಳಿಸಿದರು. ಎಲ್ಲವೂ ಅಲ್ಲಿನ ಕ್ವಿಬೆಕ್ ಎಂಬ ಸೀಮೆಯ ಕಾದಂಬರಿಗಳು. ಫ್ರೆಂಚಿನಲ್ಲಿ ಬರೆದದ್ದು, ಇಂಗ್ಲಿಷಿಗೆ ತಂದದ್ದು. ಕಪಾಟಿನಲ್ಲಿ ಚೆಂದಾಗಿ ಜೋಡಿಸಿಟ್ಟೆ. ಒಬ್ಬರೂ ಮುಟ್ಟಲಿಲ್ಲ. ಹಟಕ್ಕೆ ಬಿದ್ದು ಶನಿವಾರ ಮಧ್ಯಾಹ್ನ ನಾನೇ ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದೆ. ನಾಲ್ಕಾರು ಜನ ಸೇರಿದರು, ಆಮೇಲೆ ಕೋಣೆ ತುಂಬಿತು.

ಆ ಕಾದಂಬರಿಗಳ ಒಂದು ಗುಣ ನನಗೆ ಬೇಗ ತಿಳಿಯಿತು. ಅಲ್ಲಿ ಪುಸ್ತಕವೂ ಒಂದು ಪಾತ್ರ. ಯಾರೋ ಅದನ್ನು ಹಾಸಿಗೆಯಡಿ ಬಚ್ಚಿಡುತ್ತಾರೆ, ಯಾರೋ ಕಿತ್ತುಕೊಳ್ಳುತ್ತಾರೆ, ಇನ್ಯಾರೋ ಹೊರಗೆ ಹಿಮ ಬಿದ್ದು ಬಾಗಿಲು ಮುಚ್ಚಿದ್ದೂ ತಿಳಿಯದೆ ಬರೆಯುತ್ತಾ ಕೂತಿರುತ್ತಾರೆ. ಸುತ್ತಲೂ ಇಂಗ್ಲಿಷ್, ನಡುವೆ ಇವರದು ಫ್ರೆಂಚ್. ನಮ್ಮ ಮಾತಿನಲ್ಲಿ ಬರೆಯದೆ ಹೋದರೆ ನಾವು ಇದ್ದದ್ದೇ ಯಾರಿಗೂ ತಿಳಿಯುವುದಿಲ್ಲ ಎಂಬ ಭಯ ಅವರಿಗೆ. ಒಂದು ನಲ್ಲಿಯ ಮುಂದೆ ಮೂರು ಭಾಷೆಯಲ್ಲಿ ಜಗಳ ಕೇಳುವ ಉರಿಗಾಂನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಕತೆ ಕಾಯಲಿಲ್ಲ

ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಇಲ್ಲಿನ ಲೈನ್ ಮನೆಗಳಿಗೆ ನೀರು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲ. ಅದಕ್ಕೇ ಹೆಂಗಸರು ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಮನೆ ಕೆಲಸಕ್ಕೆ ಹೋಗುತ್ತಾರೆ. ಬಿಂದಿಗೆ ಕ್ಯೂನಲ್ಲಿದ್ದರೆ ಅದರ ಒಡತಿಯೂ ಇದ್ದ ಲೆಕ್ಕ. ಈ ಕಾನೂನನ್ನು ಮುರಿದವರು ಊರಲ್ಲಿ ನೆಮ್ಮದಿಯಾಗಿ ಬಾಳಿಲ್ಲ.

ಒಂದು ಶನಿವಾರ ಕತೆಯ ಹೊತ್ತಿಗೆ ನೋಡಿದರೆ ಮೊದಲ ಸಾಲಿನಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಬಿಂದಿಗೆ ಕೂತಿತ್ತು. ಯಾರೋ ಮರೆತಿದ್ದಾರೆಂದು ಮೂಲೆಗಿಟ್ಟು ಕತೆ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಪಕ್ಕದ ಲೈನಿನ ಸೊಸೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು.

"ಅಕ್ಕಾ, ಬಿಂದ್ಗೆ ಇಟ್ಟೋಗಿದ್ನಲ್ಲ! ನಾ ಬರೋಕ್ ಮುಂಚೆ ಕತೆ ಎಂಗ್ ಮುಂದುಕ್ ಓಯ್ತು?"

"ಕತೆ ನೀರಲ್ಲಮ್ಮ," ಎಂದೆ.

ಅವಳ ಮಾವ, ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ತಾತ, ಅಲ್ಲೇ ಕೂತಿದ್ದರು. ಎದ್ದು ನಿಂತರು. "ತಾಯಿ, ಬಿಂದ್ಗೆ ಇದ್ಮೇಲೆ ಆಳ್ ಇದ್ದಂಗೆ. ನೀವು ಮೊದ್ಲಿಂದ ಏಳ್ಬೇಕು."

ಕೋಣೆಯೆಲ್ಲ ತಾತನ ಕಡೆ. ಮೊದಲಿಂದ ಹೇಳಿದೆ. ಆ ದಿನ ಕತೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಮರುವಾರ ಮೊದಲ ಸಾಲಿನಲ್ಲಿ ಎಂಟು ಬಿಂದಿಗೆ.

ಈ ಸೊಸೆ ಪಿಯುಸಿಯ ನಡುವೆ ಮದುವೆಯಾಗಿ ಬಂದವಳು. ಬಿಟ್ಟ ಪರೀಕ್ಷೆ ಬರೆಯಬೇಕೆಂದು ಅವಳಿಗೆ ಬಹಳ ಆಸೆ. ಗಂಡನನ್ನು ಕೇಳಿದರೆ "ಅಪ್ಪನ್ನ ಕೇಳು" ಅನ್ನುತ್ತಿದ್ದ. ಮಾವನನ್ನು ಕೇಳಿದರೆ, "ಕತೆ ಕೇಳಾಕ್ ಬಿಟ್ಟಿಲ್ವಾ? ಪರೀಕ್ಷೆ ಗಿರೀಕ್ಷೆ ಬ್ಯಾಡ. ಮನೆ ಯಾರ್ ನೋಡ್ಕೊಂತಾರೆ?" ಅನ್ನುತ್ತಿದ್ದರು. ಅವಳು ಬಿಂದಿಗೆ ಎತ್ತಿಕೊಂಡು ನಲ್ಲಿಗೆ ಹೋಗುತ್ತಿದ್ದಳು.

ಪಾದ್ರಿಯ ತಪಾಸಣೆ

ಒಂದು ಕಾದಂಬರಿಯಲ್ಲಿ ಊರ ಪಾದ್ರಿ ಮನೆಮನೆಗೆ ಹೋಗಿ ಯಾರು ಏನು ಓದುತ್ತಿದ್ದಾರೆಂದು ಹುಡುಕುತ್ತಾನೆ. ತನಗೆ ಒಪ್ಪಿಗೆಯಾಗದ ಪುಸ್ತಕ ಸಿಕ್ಕರೆ ಎತ್ತಿಕೊಂಡು ಹೋಗುತ್ತಾನೆ. ಅಲ್ಲಿ ಒಂದು ಕಾಲದಲ್ಲಿ ಯಾವುದನ್ನು ಓದಬಾರದೆಂದು ಚರ್ಚಿನವರೇ ಹೇಳುತ್ತಿದ್ದರು, ಜನ ಅದಕ್ಕೇ ಕದ್ದು ಓದುತ್ತಿದ್ದರು ಎಂದು ನಾನು ಗಂಭೀರವಾಗಿ ವಿವರಿಸಿದೆ.

"ಅಂಗಾದ್ರೆ ಪುಸ್ತ್ಕ ಬೋ ಒಳ್ಳೇ ಮಾಲೇ ಇರ್ಬೇಕು," ಎಂದರು ತಾತ.

"ಹೇಗೆ ಹೇಳ್ತೀರಿ ತಾತ?"

"ಗಣಿಯಿಂದ ಮೇಲುಕ್ ಬಂದಾಗ ನಮ್ಮುನ್ನೂ ಇಂಗೇ ಚೆಕ್ ಮಾಡ್ತಿದ್ರು. ಜೇಬ್ನಾಗೆ ಬರೀ ಕಲ್ಲಿದ್ರೆ ಯಾವನೂ ಕೇಳ್ತಿರ್ಲಿಲ್ಲ ಕಣಮ್ಮ."

ಊಟಕ್ಕೆ ಯಾರು ಹಾಕ್ತಾರೆ

ಆ ಸೀಮೆಯ ಕಾದಂಬರಿಗಳಲ್ಲಿ ಕಾದಂಬರಿ ಬರೆಯುವವರೂ ಬಹಳ. ಒಬ್ಬ ನಾಯಕ ಶುರುವಿನಿಂದಲೂ ಬರೆಯುತ್ತಾ ಕೂತಿದ್ದ. ಬರೆದದ್ದನ್ನು ಹರಿಯುತ್ತಾನೆ, ಕಿಟಕಿ ನೋಡುತ್ತಾನೆ, ಮತ್ತೆ ಬರೆಯುತ್ತಾನೆ. ಬರವಣಿಗೆ ಎಂಥ ಏಕಾಂತದ ತಪಸ್ಸು ಎಂದು ನನ್ನ ಕಣ್ಣು ತೇವವಾಗಿತ್ತು.

ಇಲ್ಲೇ ಹತ್ತಿರದ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಿಂದ ಬರುವ ಧಾರವಾಡ ಕಡೆಯ ಹೆಣ್ಣುಮಗಳು ಕೈ ಎತ್ತಿದಳು. "ಅಲ್ರೀ ಮೇಡಂ, ಇಂವ ಎರಡು ಶನಿವಾರದಿಂದ ಕುಂತಲ್ಲೇ ಕುಂತು ಬರಿಯಾಕತ್ತಾನ. ಇಂವಗ ಊಟಕ್ಕ ಯಾರು ಹಾಕ್ತಾರ?"

ನಾನು ಹಿಂದಿನ ಪುಟಗಳನ್ನೆಲ್ಲ ತಿರುವಿದೆ. ಒಂದೇ ಒಂದು ಕಡೆ, ಮನೆಯೊಡತಿ ಬಂದು ಬಿಸಿ ಸಾರಿನ ಬಟ್ಟಲು ಇಟ್ಟು ಹೋಗಿದ್ದಳು. ಅದನ್ನೇ ಹೇಳಿದೆ.

"ಅಕೀ ಹೆಸರೇನ್ರೀ?"

"ಹೆಸರು ಕೊಟ್ಟಿಲ್ಲ."

"ನೋಡ್ರೀ ಮತ್ತ! ಪುಸ್ತಕದ ಮ್ಯಾಲ ಅಕೀ ಹೆಸರೇ ಹಾಕಬೇಕಿತ್ತು," ಎಂದು ಅವಳು ಆ ನಾಯಕನನ್ನು ಶಾಶ್ವತವಾಗಿ ಕೈಬಿಟ್ಟಳು. ಅಂದಿನಿಂದ ಯಾರೇ ಪೆನ್ನು ಹಿಡಿದರೂ ಕೋಣೆಯಲ್ಲಿ ಮೊದಲು ಅಡಿಗೆಯ ವಿಚಾರಣೆ ನಡೆಯುತ್ತದೆ.

ತಾತನ ತೀರ್ಪು

ಪೆಟ್ಟಿಗೆಯ ಕೊನೆಯ ಕಾದಂಬರಿ ಅಲ್ಲಿನ ಚಿನ್ನದ ಗಣಿಯ ಊರಿನದು. ಎಲ್ಲರೂ ಮುಂದೆ ಜರುಗಿ ಕೂತರು. ಗಣಿ ಕೆಲಸದ ಅಪ್ಪ, ಓದಿನ ಹುಚ್ಚಿನ ಮಗಳು. "ನೀನು ಓದುತ್ತಾ ಕೂತರೆ ಮನೆ ಯಾರು ನೋಡುತ್ತಾರೆ?" ಎಂದು ಅಪ್ಪ ಅವಳ ಪುಸ್ತಕಗಳನ್ನು ಒಲೆಗೆ ಹಾಕುತ್ತಾನೆ.

ತಾತ ಕೆಂಡವಾದರು. "ಯಾವನವ್ನು? ಕರೀರಿ ಅವನ್ನ ಇಲ್ಲಿಗೆ! ಎಣ್ ಮಗು ಓದ್ತೀನಿ ಅಂತ ಬೇಡ್ಕೊಂತೈತೆ, ಅದ್ರ ಪುಸ್ತ್ಕ ಸುಡ್ತಾನಾ? ಅವನಿಗೆ ಅನ್ನ ನೀರು ಕೊಡ್ಬಾರ್ದು!"

ಎಲ್ಲರೂ ಹೌದು ಹೌದು ಎಂದರು. ಸೊಸೆ ಎದ್ದು ಹೋಗಿ ತನ್ನ ಹಸಿರು ಬಿಂದಿಗೆಯನ್ನು ತಂದು ಮಾವನ ಕಾಲ ಬಳಿ ಇಟ್ಟಳು.

"ಮಾವ, ಮದ್ವೆಯಾದಾಗಿಂದ ನಾನೂ ಬಿಂದ್ಗೆ ಇಟ್ಕೊಂಡೇ ನಿಂತಿವ್ನಿ. ನನ್ ಸರ್ದಿ ಯಾವಾಗ?"

ತಾತ ಬಿಂದಿಗೆ ನೋಡಿದರು, ನನ್ನನ್ನು ನೋಡಿದರು, ಚಪ್ಪಲಿ ಹಾಕಿಕೊಂಡು ಹೊರಟೇಹೋದರು.

ಮರುವಾರ ಮಾವನೂ ಬರಲಿಲ್ಲ, ಸೊಸೆಯೂ ಬರಲಿಲ್ಲ. ಆಮೇಲೂ ಬರಲಿಲ್ಲ. ಕತೆ ಹೇಳಲು ಹೋಗಿ ಒಂದು ಮನೆಯ ನೆಮ್ಮದಿ ಕೆಡಿಸಿದೆನಲ್ಲ ಎಂದು ನನಗೆ ಸಂಕಟವಾಯಿತು. ಪುಸ್ತಕದಲ್ಲಿ ಪುಸ್ತಕ ಏನೇನೋ ಮಾಡುತ್ತದೆ, ಹೊರಗೆ ಅದರಿಂದ ಏನಾಗುತ್ತದೋ ಯಾರಿಗೆ ಗೊತ್ತು.

ಬಂಗಾರಪೇಟೆಯ ಗೇಟಿನಲ್ಲಿ

ಬೇಸಿಗೆ ಶುರುವಾಗಿತ್ತು. ಒಂದು ಬೆಳಿಗ್ಗೆ ಸ್ಟೇಷನ್ನಿಗೆ ಹೊರಟವಳು ಬಂಗಾರಪೇಟೆಯ ಒಂದು ಕಾಲೇಜಿನ ಮುಂದೆ ನಿಂತುಬಿಟ್ಟೆ. ಅಂದು ಅಲ್ಲಿ ಪಿಯುಸಿ ಪರೀಕ್ಷೆ. ಗೇಟು ಇನ್ನೂ ತೆಗೆದಿರಲಿಲ್ಲ. ಗೇಟಿಗೆ ಒತ್ತಿಕೊಂಡು ಹಸಿರು ಬಿಂದಿಗೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ತಾತ.

"ತಾತ, ಇದೇನು?"

"ಸೊಸೆ ಆಮ್ಯಾಕಿನ್ ಟ್ರೈನ್ಗೆ ಬತ್ತಾಳೆ. ಅವ್ಳು ಬರೋಕ್ ಮುಂಚೆ ಪೇಪರ್ ಕೊಟ್ಬಿಟ್ರೆ?" ಆಮೇಲೆ ತಲೆ ತಗ್ಗಿಸಿದರು. "ಫೀಜು ನಾನೇ ಕಟ್ದೆ. ನಿಮ್ಗೆ ಮಕ ತೋರ್ಸಾಕ್ ನಾಚ್ಕೆ ಆಯ್ತು ಕಣಮ್ಮ, ಅದ್ಕೇ ಬರ್ಲಿಲ್ಲ. ಅವ್ಳು ಮನೆನಾಗೆ ಓದ್ತಿದ್ಲು."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಷ್ಟರಲ್ಲಿ ವಾಚ್‌ಮನ್ ಬಂದ. "ಯಜಮಾನ್ರೇ, ಆಗ್ಲೇ ಏಳಿದ್ನಲ್ಲ, ಒಳಗೆ ಎಲ್ರಿಗೂ ಸೀಟ್ ಐತೆ. ಇದೇನು ನೀರ್ ನಲ್ಲೀನಾ? ತೆಗೀರಿ."

ತಾತ ಅಲುಗಾಡಲಿಲ್ಲ. "ನೀನು ಉರಿಗಾಂ ಕಡೆಯವ್ನಲ್ಲ ಅನ್ಸ್ತೈತೆ. ಬಿಂದ್ಗೆ ಇದ್ಮೇಲೆ ಆಳ್ ಇದ್ದಂಗೆ ಕಣಪ್ಪ."

ನಾನು ರೈಲು ಬಿಟ್ಟು ಅಲ್ಲೇ ಕಾಫಿ ಅಂಗಡಿಯಲ್ಲಿ ಕೂತೆ. ಸೊಸೆ ಬರುವುದನ್ನು ನೋಡಲೇಬೇಕಿತ್ತು. ಕಾಫಿ ಮುಗಿಸಿ ತಿರುಗಿ ನೋಡಿದರೆ, ಬಿಂದಿಗೆಯ ಹಿಂದೆ ಒಂದು ಹೆಲ್ಮೆಟ್, ಅದರ ಹಿಂದೆ ಊಟದ ಡಬ್ಬಿ, ಆಮೇಲೆ ಯಾರದೋ ಚಪ್ಪಲಿ, ರಸ್ತೆಯ ತಿರುವಿನವರೆಗೆ ಸಾಲು. ಯಾರೋ ಒಬ್ಬಾತ ತನ್ನ ಮಗನ ಬ್ಯಾಗನ್ನು ಮುಂದೆ ತಂದು ಇಡಲು ನೋಡಿದ. ಅದೇ ವಾಚ್‌ಮನ್ ಅವನ ಮೇಲೆ ರೇಗಿದ.

"ಏಯ್, ಬಿಂದ್ಗೆ ಇಟ್ಟಿರೋದ್ ಕಾಣ್ಸಲ್ವೇನ್ರಿ? ಇಂದುಕ್ ಓಗ್ರಿ!"